ಏಳನೇ ಬಾಣಲೆ

ಶಿಡ್ಲಘಟ್ಟದ ಫಿಲೇಚರ್ ಹಿಂದಿನ ಕೋಣೆ,
ಬೆಂದ ಗೂಡಿನ ನಾತ ಕೀಬೋರ್ಡಿಗೂ ಹತ್ತಿದೆ.
ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪು ಒಂದು,
ಮೌಸು ಎರಡು.
ನನ್ನದು ಓಡುವ ಇಲಿ.
ಕಮರುನ್ನೀಸಾ ಆಪಾದು ನಿಧಾನ, ಎಡಗೈಯದು.

ಇಪ್ಪತ್ತೆರಡು ವರ್ಷ ಕುದಿನೀರಲ್ಲಿ ಎಳೆಯ ತುದಿ ಹುಡುಕಿ
ಬಲಗೈ ಬೆರಳಿಗೆ ಈಗ ಒತ್ತಿದ್ದೇ ತಿಳಿಯದು.
ಅದಕ್ಕೇ ಗುಂಡಿ ಅದಲುಬದಲು ಮಾಡಿದೆ,
ವೇಗ ಇಳಿಸಿದೆ,
ಎರಡು ಕ್ಲಿಕ್ಕಿನ ನಡುವೆ
ಒಂದು ಉಸಿರಿನಷ್ಟು ಜಾಗ ಬಿಟ್ಟೆ.
ಅಂಗೈ ತಾಕಿದರೆ ಬೆದರುವ ಟಚ್‌ಪ್ಯಾಡನ್ನು
ಮಲಗಿಸಿದೆ.

ಬೆಳಿಗ್ಗೆ ಬಂದರೆ ಎಲ್ಲ ಉಲ್ಟಾ.
ನಿನ್ನೆ ಹನ್ನೊಂದಾಗಿದ್ದ ಮೌಸು ಇವತ್ತು ಹದಿನಾಲ್ಕು;
ಕಿತ್ತು ಚುಚ್ಚಿದಾಗೆಲ್ಲ ಹೊಸ ನಂಬರು.
ಆಪಾ ಮುಟ್ಟಿದ್ದೇ ತಡ, ಬಾಣ ಚಂಗನೆ ಹಾರಿ
ಗೂಡಿನ ಲೆಕ್ಕದಲ್ಲಿ ಎರಡು ಲಾಟು ಅಳಿಸಿತು.

"ನಂಬರಿಂದ ಯಾಕೆ ಕರೀತೀಯ?" ಅಂದರು.
"ನನ್ನನ್ನೂ ಏಳನೇ ಬಾಣಲೆ ಅಂತಿದ್ದರು ಕಣೋ.
ಬಾಣಲೆ ಬದಲಾದ ವಾರ
ನನ್ನ ಕೂಲಿ ಬೇರೆಯವಳಿಗೆ ಹೋಯ್ತು."

ಸರಿ, ಯಂತ್ರವನ್ನು ಹೆಸರು ಕೇಳಿದೆ.
ಎರಡಕ್ಕೂ ಒಂದೇ: ಯುಎಸ್‌ಬಿ ಆಪ್ಟಿಕಲ್ ಮೌಸ್.
ಒಂದೇ ಅಂಗಡಿ, ಒಂದೇ ದಿನ,
ಚೌಕಾಸಿ ಮಾಡಿ ತಂದ ಜೋಡಿ.

ಆಪಾ ನಕ್ಕು, ಮಂಕರಿಯ ತುಂಡು ರೇಷ್ಮೆ ಹೊಸೆದು
ತಮ್ಮ ಮೌಸಿನ ಬಾಲಕ್ಕೆ ಗಂಟು ಹಾಕಿದರು.
"ಎಡಗಡೆ ತೂತು ಇದರದ್ದು. ಯಾರೂ ಮುಟ್ಟಕೂಡದು."

ಆ ತೂತಿನ ವಿಳಾಸವನ್ನೇ ಕಡತಕ್ಕೆ ಬರೆದೆ.
ಮೌಸು ತೆಗೆದು, ಹಾಕಿ, ತೆಗೆದು ನೋಡಿದೆವು.
ಬಾಣ ನಿಧಾನಕ್ಕೇ ಹೊರಟಿತು.

ಬರೆದ ಸಾಲಿನ ನೆತ್ತಿಯ ಮೇಲೆ,
ಹ್ಯಾಷ್ ಗುರುತು ಹಾಕಿ,
ಯಂತ್ರ ಓದದೆ ದಾಟಿಹೋಗುವ ಜಾಗದಲ್ಲಿ
ಇನ್ನೊಂದು ಸಾಲು ಸೇರಿಸಿದೆ:
ಕಮರುನ್ನೀಸಾ.