ತಲಿ ಎಣಸಾಕಿ

ನವನಗರದ ಈಜುಕೊಳದ ಬಾಗಿಲದಾಗ
ಮುಂಜಾನೆ ಆರೂವರಿಗೆ ನಾ ಮೊದಲು ಎಣಸೂದು ಚಪ್ಪಲಿ.
ನೀಲಿ ಪಟ್ಟಿದು, ಬಾರು ಹರಿದದ್ದು, ಅಣ್ಣಂದು ದೊಡ್ಡದು,
ಒಂದು ಜೋಡು ಎರಡೂ ಎಡಗಾಲಿನವು.
ಯಾರ ಮನ್ಯಾಗೋ ಎರಡು ಬಲ ಉಳಿದಿರಬೇಕು.
ಹದಿನೇಳು ಜೋಡು. ಬಳಪದ್ಲೆ ಗ್ವಾಡಿಗೆ ಬರೀತೀನಿ.
ಆಮ್ಯಾಲ ತಲಿ.

ಚಪ್ಪಲಿ ಬಿಟ್ಟಲ್ಲೇ ಬಿದ್ದಿರತಾವ.
ತಲಿ ಮುಳಗತಾವ, ಏಳತಾವ, ಒಂದರ ಹಿಂದ ಒಂದು ಅಡಗತಾವ.
ತೊಯ್ದ ಮ್ಯಾಲ ಎಲ್ಲಾ ಕೂದಲಾ ಒಂದ ಬಣ್ಣ,
ಸಾವಕಾರ್ರ ಮಗಂದೂ, ಪಂಪ್ ನಡಸಾಂವನ ಮಗಳದೂ.
ಹದಿನಾಕು, ಹದಿನೈದು, ಹದಿನಾರು...
ಹದಿನೇಳನೇದು ಸಿಗೂತನಕ
ದಂಡಿ ಮ್ಯಾಲ ನಿಂತ ನಾನೂ ಉಸಿರು ಹಿಡದಿರತೀನಿ.

ಕಟ್ಟಿ ಮ್ಯಾಲ ಕುಂತ ಅಪ್ಪಂದಿರು ಮೊಬೈಲ್‌ನಾಗಿಂದ ತಲಿ ಎತ್ತದ ಹೇಳತಾರ:
"ಮೂರ ಫೂಟ್ ನೀರೈತಿ ಅಕ್ಕಾರ, ಏನಾಗತೈತಿ?
ಏನರ ಆದ್ರ ಕೂಸು ಒದರೂದಿಲ್ಲೇನು?"

ಒದರೂದಿಲ್ರಿ.

ಒದರಾಕ ಉಸಿರು ಬೇಕು.
ಕೈ ಬೀಸೂದಿಲ್ಲ, ನೀರು ಸಿಡಸೂದಿಲ್ಲ,
ಇಲ್ಲದ ನಿಚ್ಚಣಿಕಿ ಹತ್ತಿದಂಗ ಮಾಡತೈತಿ,
ಬಾಯಿ ನೀರಿನ ಮಟ್ಟಕ್ಕ, ಮಾರಿ ಮುಗಿಲಿಗೆ.
ನೋಡಿದವ್ರು ನಗತಾರ:
ಹೆಂಗ ಆಡಾಕತ್ತೈತಿ ನೋಡ್ರಿ ಕೂಸು!

ನನಗ ಈಜು ಕಲಿಸಿದಾಕಿ ನಮ್ಮ ಆಯಿ ಬಾಳವ್ವ,
ಹಳೇ ಊರಾಗ, ಹೊಳಿ ದಂಡ್ಯಾಗ.
ನಡಕ್ಕ ಎರಡು ಒಣ ಸೋರೆಬುರುಡಿ ಕಟ್ಟಿ
ಹಗ್ಗದ ತುದಿ ತನ್ನ ಮುಂಗೈಗೆ ಸುತಗೊಂಡು
ಕಲ್ಲಿಗೆ ಅರಿಬಿ ಬಡೀತಿದ್ಲು.
ಹಗ್ಗ ಜಗ್ಗಾಡಿದ್ರ ಆಕಿ ಹಾಡು ನಡದಿರತಿತ್ತು.
ಹಗ್ಗ ಸುಮ್ಮನಾತೋ, ಅರಿಬಿ ಕೈಬಿಟ್ಟು ತಿರಗತಿದ್ಲು.
ಒಮ್ಮೆ ನಮ್ಮಪ್ಪನ ಧೋತರ ಹೊಳಿಗೆ ಹ್ವಾತು ಹಂಗ.
ಹೋಗಲಿ ಬಿಡು, ಧೋತರ ಪ್ಯಾಟ್ಯಾಗ ಸಿಗತೈತಿ, ಅಂದ್ಲು.
ಆ ಕಲ್ಲು ಈಗ ಹಿನ್ನೀರಿನ ತಳದಾಗ ಐತಿ.
ನಮ್ಮ ಓಣಿಗೆ ಬಂದಾಗೂ ನೀರು ಸಪ್ಪಳ ಮಾಡಲಿಲ್ಲ,
ದಿನಕ್ಕೊಂದು ಮೆಟ್ಟಲಾ ಏರಿ ಬಂತು.

ಹೋದ ಮಂಗಳವಾರ ಎಣಿಕಿ ಹದಿನಾರಕ್ಕ ನಿಂತಿತು.
ಮತ್ತ ಎಣಿಸಿದೆ. ಹದಿನಾರ.
ಸೀಟಿ ಊದಿದೆ, ಎದಿ ಖಾಲಿ ಆಗೂ ಹಂಗ.
ಎಲ್ಲಾರೂ ಮ್ಯಾಲ! ದಂಡಿಗೆ ಕೂಡ್ರಿ! ನೀರಾಗ ಕಾಲೂ ಬ್ಯಾಡ!
ನೀರಿನ ಅಲುಗಾಟ ನಿಲ್ಲಾಕ ಎಷ್ಟ ಹೊತ್ತು ಹಿಡೀತೈತಿ,
ಅಷ್ಟು ಹೊತ್ತು ನನ್ನ ಕಡೆ ಇರಲಿಲ್ಲ.
ಕಿಸೇದಾಗಿನ ಮೊಬೈಲ್ ಸಮೇತ ಹಾರಿದೆ.
ಆಳದ ಕಡೆ, ತಳದ ಜಾಳಗಿ ಹತ್ರ ಕೈಲೆ ತಡವಿದೆ.
ಬಿಳಿ ಟೈಲ್ಸು. ಒಂದು ರಬ್ಬರ್ ಬ್ಯಾಂಡು.
ಏನೂ ಇಲ್ಲ.

ಪಂಪಿನ ಖೋಲಿ ಹಿಂದ ಇದ್ಲು ನೀಲಾಂಬಿಕಾ, ಆರು ವರ್ಷದಾಕಿ,
ಬೆಕ್ಕಿನ ಮರಿ ಮುಂದ ಈಜಿನ ಟೋಪಿ ತುಂಬ ನೀರು ಹಿಡಕೊಂಡು.
"ಔಷಧ ವಾಸನಿ ಹೊಡೀತೈತಿ ಅಂತ ಕುಡೀವಲ್ದು ಅಕ್ಕಾ" ಅಂದ್ಲು.
ಬೈಯಾಕಂತ ಓಡಿ ಹೋದಾಕಿ
ಆಕಿ ತಲಿ ಮ್ಯಾಲ ಕೈ ಇಟ್ಟು
"ಹದಿನೇಳು" ಅಂದೆ.

ಒಬ್ರು ವಾಚು ತೋರಿಸಿದ್ರು:
"ಎಂಟು ನಿಮಿಷ ಹ್ವಾತಲ್ರಿ, ತಾಸಿನ ರೊಕ್ಕ ಕೊಟ್ಟೀವಿ."
ಹೌದ್ರಿ. ಎಂಟು ನಿಮಿಷ ಅಷ್ಟ ಹ್ವಾತು.

ಮೊಬೈಲ್ ಇನ್ನೂ ಅಕ್ಕಿ ಡಬ್ಬ್ಯಾಗ ಐತಿ.
ಹಂಗಾಗಿ ಇವತ್ತು ಯಾರಿಗೂ ಫೋನ್ ಮಾಡಿ ಕೇಳಾಕ ಆಗಲಿಲ್ಲ.
ಬ್ಯಾಚ್ ಮುಗಿದಿತ್ತು. ಗೇಟಿನ ಚಿಲಕ ಹಾಕಿದ್ದೆ,
ಎಂಥಾ ಕೂಸು ತುದಿಗಾಲ ಮ್ಯಾಲ ನಿಂತರೂ ಎಟಕದ ಚಿಲಕ.
ಕೀಲಿ ತಿರುವಿ, ಜಗ್ಗಿ ನೋಡಿ, ಹೊರಟಾಗ ಕಂಡಿತು,
ಗ್ವಾಡಿ ಬುಡಕ್ಕ ಒಂದು ಜೋಡು.
ಎರಡೂ ಎಡ.

ಬರಿಗಾಲಲೆ ಮನಿಗೆ ಓಡಿರಬೇಕು ಹುಡುಗ.
ಓಡೇ ಇರತಾನ.

ಕೀಲಿ ತಗದು ಮತ್ತ ಒಳಗ ಹೋದೆ.