ಎಡಗಡೆಯ ಹಿಂದಿನ ಬಾಗಿಲು

ಸಾಗರ ರಸ್ತೆ, ಆಟೋ ಕಾಂಪ್ಲೆಕ್ಸು.
ಜಬೀವುಲ್ಲಾನ ಶೆಡ್ಡಿನಲ್ಲಿ ನಿಂತು ಮುಜುಗರದಿಂದಲೇ ಕೇಳಿದೆ:
ಲಾಕ್ ಆದರೆ ಆಯಿತು ಅಂತ
ಬಾಯಿಬಿಟ್ಟು ಹೇಳುವ ಹಾಗೆ ಮಾಡ್ತೀಯಾ ಈ ಕಾರನ್ನು?

ಲೈಟು ಮಿಟುಕಿಸುತ್ತೆ, ಗೊತ್ತು.
ಮಿಟುಕಿಸಿತಾ, ಇಲ್ಲ ಮಿಟುಕಿಸಿತು ಅಂದುಕೊಂಡೆನಾ,
ಮೂರನೇ ಮಹಡಿ ಹತ್ತುವುದರೊಳಗೆ
ಎರಡೂ ಕಲಸಿಹೋಗಿರುತ್ತೆ.
ಏಪ್ರನ್ ತೊಟ್ಟವಳು ಮತ್ತೆ ಇಳಿದು
ಹೊಂಗೆ ಮರದಡಿಗೆ ಬಂದು ಹಿಡಿ ಎಳೆದು
ಬಿಟ್ಟು, ಇನ್ನೊಮ್ಮೆ ಎಳೆದು, ಹತ್ತುತ್ತೇನೆ.
ವಾಚ್‌ಮನ್ ಸಿದ್ದೋಜಿ ಈಗೀಗ ತಲೆ ಎತ್ತಿಯೂ ನೋಡುವುದಿಲ್ಲ.

'ಎಷ್ಟು ದಿನದಿಂದ ಸಿಸ್ಟರ್?'
ಡಾಕ್ಟರ ಹಾಗೆ ಕೇಳಿದ.
ಮೂರು ವರ್ಷ, ಕಾರು ಕೊಂಡಾಗಿನಿಂದ, ಅಂದೆ.
ಸುಳ್ಳು.

ಹನ್ನೊಂದು ವರ್ಷದ ಹಿಂದಿನ ಒಂದು ರಾತ್ರಿ ಪಾಳಿ.
ಆರನೇ ಹಾಸಿಗೆಯ ಡ್ರಿಪ್ಪಿನ ಚಕ್ರ
ತಿರುಗಿಸಿ ಬಂದೆನೋ ಇಲ್ಲವೋ
ಎಂದು ಮನೆಯಲ್ಲಿ ಹಲ್ಲುಜ್ಜುವಾಗ ಹೊಳೆಯಿತು.
ಫೋನು ಯಾರೂ ಎತ್ತಲಿಲ್ಲ. ಬಾಯಲ್ಲಿ ನೊರೆ, ಆಟೋದಲ್ಲಿ ನಾನು.
ತಿರುಗಿಸಿದ್ದೆ.
ಮುದುಕ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ,
ಭಾನುವಾರ ರಿಪ್ಪನ್‌ಪೇಟೆಗೆ ಹೋದ.
ಅನುಮಾನ ಮಾತ್ರ
ಡಿಸ್ಚಾರ್ಜ್ ಆಗಲಿಲ್ಲ.

'ಕಂಪನಿಯೋರೇ ಇಟ್ಟಿರ್ತಾರೆ, ಮಲಗಿಸಿರ್ತಾರೆ. ಎಬ್ಬಿಸ್ಬೇಕು ಅಷ್ಟೆ.'
ಕೀ ಅರ್ಧ ತಿರುಗಿಸಿ, ಎರಡು ಗುಂಡಿ ಒಟ್ಟಿಗೆ ಅದುಮಿ
ಉರ್ದುವಿನಲ್ಲಿ ಹತ್ತು ಎಣಿಸಿದ.
ಇಳಿದು ಒತ್ತಿದ.
ಏನಿಲ್ಲ.
ಪಕ್ಕದ ಶೆಡ್ಡಿನ ಸುತ್ತಿಗೆ ಸದ್ದಷ್ಟೆ.

ಹೊರಗಿನದ್ದು ಹಾಕ್ತೀನಿ ಬಿಡಿ ಎಂದು
ಡಬ್ಬಿಯಿಂದೊಂದು ತೆಗೆದು ಬ್ಯಾಟರಿಗೆ ಮುಟ್ಟಿಸಿದ:
ಟೀಂ. ಟೀಂ. ಟೀಂ.
ನನಗರಿವಿಲ್ಲದೆ ವಾಚು ನೋಡಿಕೊಂಡೆ.
ಇದು ಬೇಡ.
ಇದನ್ನು ರಾತ್ರಿಯಿಡೀ ಕೇಳ್ತೀನಿ,
ಇದು ನಿಂತದ್ದನ್ನೂ ಕೇಳಿದ್ದೀನಿ.
ಅವನು ತಂತಿ ಬಿಡಿಸಿದ, ಏನೂ ಕೇಳದೆ.

ಆಮೇಲೆ ಕುಕ್ಕರುಗಾಲಲ್ಲಿ ಕಾರನ್ನು ಸುತ್ತಿದ,
ಒಂದೊಂದೇ ಬಾಗಿಲಿಗೆ ಕಿವಿ ಕೊಟ್ಟು ಒತ್ತುತ್ತಾ.
ಎಡಗಡೆಯ ಹಿಂದಿನದರಲ್ಲಿ ನಿಂತ.
ಮುಚ್ಚಿದ ಹಾಗಿದೆ, ಮುಚ್ಚಿಲ್ಲ.
ಸ್ವಿಚ್ಚಿನ ತುದಿಗೆ ತುಕ್ಕು, ತುಕ್ಕಿಗಂಟಿ
ಯಾವುದೋ ಮಾತ್ರೆಯ ಬೆಳ್ಳಿಕಾಗದ.
'ನಾಲ್ಕೂ ನಿಜವಾಗಿ ಮುಚ್ಚಿದ್ರೆ ಮಾತ್ರ ಬಾಯಿ ಬಿಡುತ್ತೆ.
ಒಂದು ಸುಳ್ಳು ಹೇಳಿದ್ರೂ ಸುಮ್ನಿರುತ್ತೆ. ನಿಯತ್ತಿನ ಗಾಡಿ.'
ಮತ್ತೆ ಲೈಟು?
'ಲೈಟಿಗೇನು, ಎಲ್ರಿಗೂ ಕಣ್ಣು ಹೊಡೆಯುತ್ತೆ.'

ಮೂರು ವರ್ಷ!
ಅಷ್ಟು ಸಲ ಇಳಿದು ಬಂದು ನಾನು ಎಳೆದು ನೋಡಿದ್ದು
ನನ್ನ ಬಾಗಿಲೊಂದನ್ನೇ.
ನಗು ಬಂತು. ನಗುವಿನ ಕೆಳಗೆ ಹೊಟ್ಟೆ ತಣ್ಣಗಾಯಿತು.
ಅನುಮಾನ ಸರಿಯಾಗಿಯೇ ಇತ್ತು,
ಬಾಗಿಲು ತಪ್ಪಿತ್ತು.

ಮರಳುಕಾಗದದಲ್ಲಿ ಉಜ್ಜಿ, ಒರೆಸಿ, 'ಒತ್ತಿ ನೀವೇ' ಅಂದ.

ಲೊಚ್.

ಹಾರ್ನಿನ ಒಂದು ಚೂರು, ಅಷ್ಟೇ,
ಗೋಡೆಯ ಮೇಲಿನ ಹಲ್ಲಿಯ ಹಾಗೆ.
ಅವ್ವ ಏನೋ ಹೇಳುತ್ತಿರುವಾಗ ಹಲ್ಲಿ ನುಡಿದರೆ
ಬೆರಳಲ್ಲಿ ನೆಲ ಕುಟ್ಟಿ, 'ಕೇಳ್ದಾ? ಸತ್ಯ' ಅನ್ನುತ್ತಿದ್ದಳು.
ನಾಳೆ ನಿಮ್ಮಪ್ಪ ಬರ್ತಾನೆ. ಲೊಚ್. ಸತ್ಯ.
ಬರದಿದ್ದ ದಿನ
ಹಲ್ಲಿಯನ್ನು ಯಾರೂ ಬೈಯಲಿಲ್ಲ.

ಇನ್ನೂರೈವತ್ತು ತಗೊಂಡ, ಐವತ್ತು ವಾಪಸು ಕೊಟ್ಟ.

ಆ ರಾತ್ರಿ ಹೊಂಗೆ ಮರದಡಿ ಒತ್ತಿದೆ. ನುಡಿಯಿತು.
ಮರದಲ್ಲಿ ಯಾವುದೋ ಹಕ್ಕಿ ರೆಕ್ಕೆ ಸರಿಮಾಡಿಕೊಂಡಿತು.
ಬೆಳಿಗ್ಗೆ ಸಿದ್ದೋಜಿ ಗೇಟಿನಲ್ಲಿ ತಡೆದು ಕೇಳಿದ:
'ರಾತ್ರಿ ಇಳಿದೇ ಬರ್ಲಿಲ್ವಲ್ಲ, ಹುಷಾರಿಲ್ವಾ ಸಿಸ್ಟರ್?'

ಅರ್ಧ ಮೆಟ್ಟಿಲು ಇಳಿದಿದ್ದೆ
ಎಂದು ಅವನಿಗೆ ಹೇಳಲಿಲ್ಲ.
ಅಲ್ಲೇ ನಿಂತು, ಕಿಟಕಿಯ ಸರಳನ್ನು
ಬೆರಳಲ್ಲಿ ಎರಡು ಸಲ ಕುಟ್ಟಿ
ವಾಪಸು ಹತ್ತಿದ್ದನ್ನೂ.