ಚುಚ್ಚದೆ

ಮಡಿಕೇರಿ ಆಸ್ಪತ್ರೆಯ ಎರಡನೇ ಮಹಡಿ,
ಕಿಟಕಿಯಿಲ್ಲದ ಕೋಣೆ.
ಬೊಳ್ಳಮ್ಮನವರ ಎದೆಗೆ, ಬೆನ್ನಿಗೆ ನರ್ಸ್ ಶೈನಿ
ನೂರ ಇಪ್ಪತ್ತೆಂಟು ಬಿಲ್ಲೆ ಅಂಟಿಸಿ ಮುಗಿಸುವಷ್ಟರಲ್ಲಿ
ಮುಕ್ಕಾಲು ಗಂಟೆ.
"ಇಷ್ಟು ಬೊಟ್ಟು ಮದುವೆಯ ದಿನವೂ ಇಡಲಿಲ್ಲ" ಎಂದರು.

ಕುಶಾಲನಗರದ ಕಾಫಿ ಕ್ಯೂರಿಂಗಿನಲ್ಲಿ
ಇಪ್ಪತ್ತಾರು ವರ್ಷದಿಂದ ತೂಕದ ಗುಮಾಸ್ತೆ ಅವರು.
"ಗೋಣಿಯೊಳಗೆ ಏನಿದೆ ಅಂತ ತಿಳಿಯಲು
ನಾವು ಕೊಳವೆ ಚುಚ್ಚಿ ಒಂದು ಹಿಡಿ ಬೀಜ ತೆಗೀತೇವೆ.
ನೀವು?"
"ಚುಚ್ಚುವುದಿಲ್ಲ."
"ಮತ್ತೆ ಹೇಗೆ?"
"ಹೊರಗೆ ನಿಂತು ಕೇಳುತ್ತೇನೆ."

ನಾನು ಡಾಕ್ಟರಲ್ಲ, ಅಂಕಿಅಂಶದವಳು.
ನನ್ನ ಕೈಗೆ ಬರುವುದು ಮಿಲಿವೋಲ್ಟಿನ ಚಿಲ್ಲರೆ:
ಎಲುಬು, ಕೊಬ್ಬು, ಗಾಳಿ ತುಂಬಿದ ಶ್ವಾಸಕೋಶ
ದಾರಿಯುದ್ದಕ್ಕೂ ಸುಂಕ ಹಿಡಿದು
ಚರ್ಮಕ್ಕೆ ಬಿಟ್ಟುಕೊಟ್ಟಷ್ಟು.
ಹೃದಯದಿಂದ ಚರ್ಮಕ್ಕೆ ಬರುವ ಲೆಕ್ಕ ಇಳಿಜಾರು.
ಚರ್ಮದಿಂದ ಹೃದಯಕ್ಕೆ ಹತ್ತಬೇಕು.
ಹತ್ತುವಾಗ ಒಂದೇ ಗುರುತಿಗೆ ನೂರು ಹೃದಯ ಹೊಂದುತ್ತವೆ,
ಎಲ್ಲವೂ "ನಾನೇ" ಎನ್ನುತ್ತವೆ.

ಅದಕ್ಕೊಂದು ತಿರುಪು ಇಟ್ಟಿದ್ದೇವೆ, ಹೆಸರು ಲ್ಯಾಮ್ಡಾ.
ಸಡಿಲ ಬಿಟ್ಟರೆ ಅವರು ಕೆಮ್ಮಿದ್ದೂ
ಪಕ್ಕದ ಕೋಣೆಯ ಫ್ರಿಜ್ಜು ಗುಂಯ್ ಅಂದದ್ದೂ
ಹೃದಯಕ್ಕೆ ಕಿಚ್ಚು ಹತ್ತಿದಂತೆ ಕಾಣುತ್ತದೆ.
ಬಿಗಿ ಮಾಡಿದರೆ ಎಲ್ಲ ನುಣುಪು,
ಗಾಯದ ಕಲೆಗೂ ಇಸ್ತ್ರಿ.

ಉಳಿದದ್ದಕ್ಕೆ ಊಹೆಯ ಸಾಲ.
ಹಿಂದೆ ನೋಡಿದ ಮುನ್ನೂರ ಹನ್ನೆರಡು ಎದೆ,
ಹೆಚ್ಚಿನವು ಗಂಡಸರದು, ಒಂದೂ ಈ ಕಡೆಯದಲ್ಲ,
ಅವು ಹೇಳಿಕೊಟ್ಟದ್ದು.
ಪರದೆಯಲ್ಲಿ ಕೆಂಪು ಮೂಡಿತು, ಬಲಗಡೆ, ಮೇಲೆ,
ಮೂಡಬೇಕೆಂದು ನಾನಂದುಕೊಂಡ ಜಾಗದಲ್ಲೇ.
ಖುಷಿಯಾಯಿತು.

ಬಿಲ್ಲೆ ಕೀಳಿಸಿಕೊಳ್ಳುತ್ತ ಬೊಳ್ಳಮ್ಮ ಅಂದರು:
"ನಾನು ಹುಟ್ಟಿದ್ದು ಕಕ್ಕಬ್ಬೆ ಕಡೆ. ಫೋನಿಲ್ಲ ಆಗ.
ಸಾವಾದರೆ ಎರಡು ಗುಂಡು, ಬೆನ್ನುಬೆನ್ನಿಗೆ.
ಗುಡ್ಡಕ್ಕೆ ಬಡಿದು ಸದ್ದು ನಾಲ್ಕು ಕಡೆಯಿಂದ ಬರುತ್ತದೆ.
ಎಲ್ಲಿಂದ ಅಂತ ಕಿವಿ ಹೇಳುವುದಿಲ್ಲ,
ಯಾರು ಮಲಗಿದ್ದಾರೆ ಅಂತ ಗೊತ್ತಿರುತ್ತದಲ್ಲ, ಅದು ಹೇಳುತ್ತದೆ.
ಒಂದು ಬೆಳಗ್ಗೆ ಎರಡು ಸದ್ದು.
ಕುಟ್ಟಯ್ಯಜ್ಜ ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದ.
ಬಿಳಿ ಉಟ್ಟು ಊರಿಗೆ ಊರೇ ಅವನ ಮನೆಗೆ ನಡೆಯಿತು.
ಅಜ್ಜ ಕೈಯಾಲೆಯಲ್ಲಿ ಕೂತು ಬೆಲ್ಲದ ಕಾಫಿ ಕುಡಿಯುತ್ತಿದ್ದ.
'ಯಾರು ಹೋದದ್ದು?' ಅಂತ ನಮ್ಮನ್ನೇ ಕೇಳಿದ.
ಹೊಳೆಯಾಚೆ, ಪೂವಮ್ಮ. ಹತ್ತೊಂಬತ್ತು.
ಏಳನೇ ಕ್ಲಾಸಿನವರೆಗೆ ನನ್ನ ಬೆಂಚು.
ನಾವು ತಲುಪುವಾಗ ಮಧ್ಯಾಹ್ನ.
'ನಿಮಗೆ ಕೇಳಿಸಲಿಲ್ಲವಾ?' ಅಂದಳು ಅವಳಮ್ಮ."

ನನಗೆಂದು ಹೇಳಿದ್ದಲ್ಲ ಅದು.
ರವಿಕೆಯ ಗುಂಡಿ ಹಾಕಿಕೊಳ್ಳುವಾಗ ನೆನಪಾದದ್ದು, ಅಷ್ಟೆ.

ರಾತ್ರಿ ಕುಳಿತು
ಆ ಮುನ್ನೂರು ಎದೆಯ ಮಾತಿಗೆ ತೂಕ ಇಳಿಸಿದೆ,
ಇವರ ಬೆನ್ನಿನ ಬಿಲ್ಲೆಗಳ ಮಾತಿಗೆ ಏರಿಸಿದೆ.
ಯಂತ್ರದ ಕೈಲಿ ಸಾವಿರ ಸಲ ದಾಳ ಹಾಕಿಸಿದೆ.
ಮೂರೂವರೆಗೆ ಕೆಂಪು ಸರಿಯಿತು:
ಎಡಕ್ಕೆ, ಹಿಂದಕ್ಕೆ,
ಹೊಳೆಯಾಚೆ.
ಚುಕ್ಕಿಯಾಗಿ ಅಲ್ಲ, ಹೆಬ್ಬೆಟ್ಟು ಒತ್ತಿದಷ್ಟು ಮಸುಕು.
ನೂರರಲ್ಲಿ ಅರವತ್ತೆಂಟು ಸಲ ಅಲ್ಲಿ.
ಉಳಿದ ಮೂವತ್ತೆರಡು ಮನೆ ಸಿಗದೆ ಅಲೆದವು.

ಶುಕ್ರವಾರ ನಕಾಶೆ ಕೈಗಿಟ್ಟೆ.
"ಮೈಸೂರಿನಲ್ಲಿ ತೊಡೆಯಿಂದ ತಂತಿ ಹಾಯಿಸಿ ನೋಡುತ್ತಾರೆ."
"ಅಂದರೆ ಕಡೆಗೆ ಚುಚ್ಚುವುದೇ."
"ಚುಚ್ಚುವುದೇ. ಮೊದಲು ಯಾವ ಬಾಗಿಲು ತಟ್ಟಬೇಕು
ಅನ್ನುವುದಷ್ಟೇ ನನ್ನದು."

ಕಾಗದ ತಿರುಗಿಸಿ ಬೆರಳಿಟ್ಟರು.
"ಈ ಬೂದು ಬಣ್ಣ?"
"ನನಗೆ ಗೊತ್ತಿಲ್ಲದ ಜಾಗ."

ತಕ್ಕಡಿಯ ಮುಳ್ಳು ನಿಲ್ಲುವ ತನಕ ಕಾಯುವವರಂತೆ
ಅದನ್ನೇ ನೋಡಿದರು.
"ನಮ್ಮ ಚೀಟಿಯಲ್ಲಿ ಇದಕ್ಕೆ ಕಾಲಂ ಇಲ್ಲ" ಎಂದು
ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗಿಟ್ಟು
ಬಸ್ಸಿನ ಹೊತ್ತು ಕೇಳಿದರು.